ಯಾವ ಎಣ್ಣಿ?

ವಾಮನಾಚಾರ್ ಯಾರಿಗಾದರೂ ಹೊಡೆಯುವ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದರು. ಹೆಗಲ ಮೇಲಿನ ವಸ್ತ್ರ ಎಳೆದು ಮೊದಲು ಬಲ ಅಂಗೈ, ಆಮೇಲೆ ಬೆರಳುಗಳ ಸಂದು, ಕೊನೆಗೆ ಉಗುರು. ಎದುರಿಗೆ ನಿಂತವನಿಗೆ ಓಡಿಹೋಗಲು ಅಷ್ಟು ಹೊತ್ತು ಸಾಕಿತ್ತು. ಆದರೆ ಯಾರೂ ಓಡುತ್ತಿರಲಿಲ್ಲ. ಓಡುವವನ ಮಷೀನು ಆಚಾರ್ ಮುಂದಿನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಒರೆಸುವುದು ಮುಗಿದ ಮೇಲೆ ಏಟು. ಒಂದೇ ಏಟು, ಕಿವಿಯ ಕೆಳಗೆ. ಯಾಕೆ ಒರೆಸಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಗಿರಾಕಿಯ ಅಂಗಿಗೆ ಗ್ರೀಸ್ ಹತ್ತಿದರೆ ಕಲೆ ಹೋಗುವುದಿಲ್ಲ, ಮನೆಯಲ್ಲಿ ಅದನ್ನು ತಿಕ್ಕಿ ತೊಳೆಯುವ ಹೆಣ್ಣುಮಗಳ ತಪ್ಪೇನು ಎಂದರು.

ಹೆಸರು ವಾಮನ, ಎತ್ತರ ಆರಡಿಯ ಮೇಲೆ. ಬ್ರಹ್ಮಪುರ ಓಣಿಯಲ್ಲಿ ಬಹಳ ತಲೆಮಾರಿನಿಂದ ಇದ್ದ ವೈಷ್ಣವರ ಮನೆ. ತಂದೆ ಪೌರೋಹಿತ್ಯ ಮಾಡಿಕೊಂಡಿದ್ದರು, ತಮ್ಮ ಅದನ್ನೇ ಮುಂದುವರಿಸಿದ್ದ, ಅಣ್ಣ ಬ್ಯಾಂಕಿನಲ್ಲಿದ್ದ. ಇವರೊಬ್ಬರು ಐಟಿಐ ಮುಗಿಸಿ, ಎಂಬತ್ತರ ದಶಕದ ಆರಂಭದಲ್ಲಿ ಸಿಮೆಂಟ್ ಕಾರ್ಖಾನೆಯೊಂದರ ದುರಸ್ತಿ ವಿಭಾಗ ಸೇರಿದರು. ಅಲ್ಲಿ ಗೇರ್ ಬಾಕ್ಸಿಗೆ ಯಾವುದೋ ಎಣ್ಣೆ ಸುರಿಸಿದ ಎಂಜಿನಿಯರನ ದವಡೆ ಮುರಿದು ಕೆಲಸ ಕಳೆದುಕೊಂಡರು. ಆ ಸಂಗತಿ ಹೇಳುವಾಗ ದವಡೆಗೆ ಒಂದೇ ವಾಕ್ಯ, ಗೇರಿಗೆ ಅರ್ಧ ಗಂಟೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಅಂಗಡಿಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದರು. ಬೈಗುಳಕ್ಕೆ ಮಾತ್ರ ಮೂರೂ ಬೇಕಾಗುತ್ತಿದ್ದವು.

ಅಂಗಡಿ ಸೇಡಂ ರಸ್ತೆಯಲ್ಲಿತ್ತು. ಬೋರ್ಡು ಇರಲಿಲ್ಲ. ಅದರ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಆಗ ನಾನು ಒಂದು ದಿನಪತ್ರಿಕೆಯ ವರದಿಗಾರ, ಕಚೇರಿ ಜಗತ್ ವೃತ್ತದ ಕಡೆ. ಊರಿನ ಹೆಸರು ಇನ್ನೂ ಗುಲಬರ್ಗಾ. ಬೆಳಿಗ್ಗೆ ಮೆಟ್ಟಿಲಿಳಿದರೆ ಮೊದಲು ಕಾಣುತ್ತಿದ್ದದ್ದು ಆಚಾರ್ ಅವರ ಕಪಾಟು. ಅದರಲ್ಲಿ ಉಪ್ಪಿನಕಾಯಿಯ ಐದು ಪಿಂಗಾಣಿ ಭರಣಿಗಳು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದವು. ಒಳಗೆ ಗ್ರೀಸು. ಧೂಳು ಬಿದ್ದ ಗ್ರೀಸು ಗ್ರೀಸಲ್ಲ, ಮರಳು ಕಾಗದ ಎನ್ನುತ್ತಿದ್ದರು. ಅವು ಅವರ ತಾಯಿಯವೇ ಭರಣಿಗಳು. ತಾಯಿ ಇದ್ದಾಗ ಯಾರೂ ಒದ್ದೆ ಕೈಯಲ್ಲಿ ಮುಟ್ಟಬಾರದಿತ್ತು, ಇವರ ಕಾಲಕ್ಕೆ ಯಾರೂ ಯಾವ ಕೈಯಲ್ಲೂ ಮುಟ್ಟಬಾರದು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬ್ಯಾಟರಿ ಡ್ರಿಲ್ಲುಗಳು ಬರತೊಡಗಿದವು. ಸೌದಿಗೆ, ದುಬೈಗೆ ದುಡಿಯಲು ಹೋದ ರೋಜಾ ಓಣಿ ಕಡೆಯ ಹುಡುಗರು ರಜೆಗೆ ಬರುವಾಗ ಅತ್ತರಿನ ಬಾಟಲಿ, ಕಂಬಳಿ ಜೊತೆ ಒಂದು ಬ್ಯಾಟರಿ ಮಷೀನು ತರುತ್ತಿದ್ದರು. ಅಣ್ಣನೋ ಭಾವನೋ ಅದರಿಂದ ಕೆಲಸ ಮಾಡುತ್ತಿದ್ದ. ವೈರು ಬೇಡ, ಕರೆಂಟು ಬೇಡ. ದಿನಕ್ಕೆ ಆರು ತಾಸು ಕರೆಂಟು ಹೋಗುವ ಊರಿಗೆ ಹೇಳಿ ಮಾಡಿಸಿದ ಯಂತ್ರ. ಆದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಿರುಗುಟ್ಟಿದರೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಲಾರಿ ಚಕ್ರದ ಹಳದಿ ಗ್ರೀಸು, ಹೊಲಿಗೆ ಮಷೀನಿನ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ. ಹಾಕಿ, ಕೆಟ್ಟ ಮೇಲೆ ಆಚಾರ್ ಹತ್ತಿರ ತರುತ್ತಿದ್ದರು.

ಆಚಾರ್ ಮೊದಲು ಗೇರ್ ಬಾಕ್ಸ್ ಬಿಚ್ಚಿ, ಒಳಗಿನದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಸಿ, ನಂತರವೇ ಮಾತಾಡುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಕಡೆ, ಗೋಡೆ ಕೊರೆಯುವ ಮಷೀನಿನಲ್ಲಿ, ಕಪ್ಪು ಗ್ರೀಸು. ಪ್ಲಾಸ್ಟಿಕ್ ಗೇರಿನ ಹಲ್ಲಿಗೆ ಪ್ಲಾಸ್ಟಿಕ್ಕನ್ನು ತಿನ್ನದ ಬಿಳಿ ಗ್ರೀಸು. ಯಾವುದನ್ನು ಹಾಕಿದರೂ ಹಳೆಯದನ್ನು ಪೂರ್ತಿ ಒರೆಸಿ ತೆಗೆದ ಮೇಲೆ, ಯಾಕೆಂದರೆ ಒಂದಕ್ಕೊಂದು ಹೊಂದದ ಗ್ರೀಸುಗಳು ಕೂಡಿದರೆ ನೀರಾಗುತ್ತವೆ, ಇಲ್ಲವೇ ಕಲ್ಲಾಗುತ್ತವೆ. ಮತ್ತು ಸ್ವಲ್ಪವೇ.

“ಗ್ರೀಸ್ ಅಂದ್ರ ಶ್ರಾದ್ಧದ ತುಪ್ಪ ಅಲ್ಲೋ, ಹೆಚ್ಚಿಗಿ ಬಡಿಸಿದ್ರ ಪುಣ್ಯ ಬರ್ಲಿಕ್ಕೆ. ಹಲ್ಲಿಗೆ ಹತ್ತಬೇಕು, ಹೊಟ್ಟಿಗೆ ಇಳೀಬಾರ್ದು.”

ಹೊಟ್ಟೆ ಎಂದರೆ ಮೋಟಾರು. ಈ ಮಾತು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಮೇಲೆ ಕೋಣೆಯಲ್ಲಿ ಸುದ್ದಿ ಬರೆಯುತ್ತಾ ಕೂತಿದ್ದಾಗ ಕೆಳಗಿನಿಂದ ‘ಹಲ್ಲಿಗೆ ಹತ್ತಬೇಕು’ ಎಂದು ಕೇಳಿಸಿದರೆ ಮುಂದಿನ ಸದ್ದಿಗೆ ಕಾಯುತ್ತಿದ್ದೆ. ಅಂಗೈಗೂ ಕೆನ್ನೆಗೂ ನಡುವಿನ ಸದ್ದು. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಕಚೇರಿಯಲ್ಲಿ ಅದನ್ನು ತಮಾಷೆಯಾಗಿ ಹೇಳಿ ಚಹಾ ಕುಡಿದಿದ್ದೇನೆ.

ಒಂದು ಬೇಸಿಗೆಯ ಬೆಳಿಗ್ಗೆ ಅಂಥದೊಂದನ್ನು ಎದುರಿಗೇ ನೋಡಿದೆ. ಮೂವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ಗಡ್ಡ, ತಲೆಗೆ ಕಟ್ಟಿದ ಕರವಸ್ತ್ರ. ಛಾವಣಿಗೆ ತಗಡು ಹಾಕುವ ಕೆಲಸದವನು. ನಮ್ಮ ಕಡೆ ತಗಡಿಗೆ ಪತ್ರಾ ಎನ್ನುತ್ತಾರೆ. ಜೊತೆಗೆ ಅವನ ಹೆಂಡತಿಯ ತಮ್ಮನಿದ್ದ, ಆ ಮಷೀನನ್ನು ಸೌದಿಯಿಂದ ತಂದವನು. ಪತ್ರಾ ಕೆಲಸದವನು ಅದರ ಗೇರ್ ಬಾಕ್ಸಿಗೆ ಲಾರಿಯ ಗ್ರೀಸನ್ನು ಹೂರಣ ತುಂಬಿದಂತೆ ತುಂಬಿದ್ದ. ಬಿಸಿಯಾಗಿ ಅದು ಮೋಟಾರಿಗೆ ಇಳಿದು ಮೋಟಾರು ಸುಟ್ಟಿತ್ತು.

ಆಚಾರ್ ಕೈ ಒರೆಸಿಕೊಂಡರು. ಏಟಿಗೆ ಅವನು ಬಾಗಿಲ ಚೌಕಟ್ಟಿಗೆ ಬಡಿದು ಹಣೆ ಒಡೆದುಕೊಂಡ. ರಕ್ತ ಹುಬ್ಬಿನಿಂದ ಇಳಿದು ಗಡ್ಡ ಸೇರಿತು. ಭಾವಮೈದುನ ನಗಬೇಕೋ ಬೇಡವೋ ತಿಳಿಯದೆ ಬೀದಿ ಕಡೆ ನೋಡಿದ. ಆಚಾರ್ ಅರಿಶಿನ ತಂದು ತಾವೇ ಹಣೆಗೆ ಒತ್ತಿದರು, ಮೂರು ದಿನದಲ್ಲಿ ಮೋಟಾರು ಕಟ್ಟಿಕೊಟ್ಟರು, ಗ್ರೀಸು ಹಾಕಿಕೊಟ್ಟರು. ಕಳಿಸುವಾಗ, ಇನ್ನೊಮ್ಮೆ ಇದಕ್ಕೆ ಬೇರೆಯದೇನಾದರೂ ಹಾಕಿ ನನ್ನ ಮುಂದೆ ತಂದರೆ ನಿನ್ನ ಹಲ್ಲು ಬಿಚ್ಚಿ ಕೈಗೆ ಕೊಡುತ್ತೇನೆ ಎಂದರು. ಅವನು ಎರಡೂ ಕೈಯಿಂದ ಮಷೀನು ಎದೆಗೆ ಒತ್ತಿಕೊಂಡು “ಜೀ, ಆಚಾರ್ ಸಾಬ್” ಎಂದ. ಹೆಸರು ನಾನು ಕೇಳಲಿಲ್ಲ.

ಸುಮಾರು ಎರಡು ತಿಂಗಳ ನಂತರ ಕಮಲಾಪುರದ ಸುದ್ದಿ ಬಂತು. ಅಲ್ಲಿ ಹೆದ್ದಾರಿ ಪಕ್ಕ ಒಂದು ಮಂಗಲ ಕಾರ್ಯಾಲಯ ಕಟ್ಟುತ್ತಿದ್ದರು. ಮೇಲೆ ಪತ್ರಾ ಜೋಡಿಸುತ್ತಿದ್ದವನ ಕೈತಪ್ಪಿ ಹನ್ನೆರಡು ಅಡಿಯ ತಗಡು ಇಳಿಜಾರಿನಲ್ಲಿ ಜಾರಿ ಕೆಳಗೆ ಬಂತು. ಕೆಳಗೆ ಶರಣಮ್ಮ ಎಂಬ ಕೂಲಿ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ತಗಡಿನ ಅಂಚು ಕುತ್ತಿಗೆಗೆ ಬಿತ್ತು. ಅವಳು ಅಲ್ಲೇ ಸತ್ತಳು. ಕೆಲಸದ ಜನ ಏಣಿ ಹತ್ತಿ ಮೇಲಿದ್ದವನನ್ನು ಕಾಲು ಹಿಡಿದು ಎಳೆದು ಕೆಡವಿದರು. ಸಲಿಕೆಯ ಹಿಡಿಕೆಯಿಂದ ಹೊಡೆದರು, ಕಲ್ಲಿನಿಂದ ಹೊಡೆದರು. ಮೂರು ಪಕ್ಕೆಲುಬು, ಒಂದು ಮೊಣಕಾಲು ಮುರಿದಿದ್ದವು. ಅವನನ್ನು ನಗರದ ಒಂದು ಆಸ್ಪತ್ರೆಗೆ ತಂದು ಹಾಕಿದ್ದರು.

ಸುದ್ದಿಗೆ ನಾನು ಆಸ್ಪತ್ರೆಗೆ ಹೋದೆ. ಪೊಲೀಸ್ ಜಮಾದಾರ ತಾನು ಬರೆದುಕೊಂಡ ಹೇಳಿಕೆಯ ಕಾಗದ ತೋರಿಸಿದ. ಗಾಯಾಳು ಹೆಸರು ಮೌಲಾಲಿ, ವಾಸ ರೋಜಾ. ‘ನಾನು ಎಣ್ಣೆ ಹಾಕಿದ್ದೆ, ಅದಕ್ಕೇ ಹೀಗಾಯಿತು, ನನ್ನದೇ ತಪ್ಪು ಎಂದು ತಾನೇ ಒಪ್ಪಿಕೊಂಡಿರುತ್ತಾನೆ.’ ಜಮಾದಾರ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದ. ಅರ್ಥ ಮಾಡಿದ್ದು ನಾನು. ನಮ್ಮಲ್ಲಿ ಎಣ್ಣೆ ಹಾಕುವುದು ಎಂದರೆ ಕುಡಿಯುವುದು, ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಾಯಾಳು ಮಲಗಿದ್ದ ವಾರ್ಡು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಿ ನೋಡಲಿಲ್ಲ. ಸಂಜೆ ಐದಕ್ಕೆ ಸುದ್ದಿ ಕಳಿಸಬೇಕಿತ್ತು. ‘ಕುಡಿದ ಅಮಲಿನಲ್ಲಿ ಕೆಲಸ: ತಗಡು ಬಿದ್ದು ಮಹಿಳೆ ಸಾವು’ ಎಂದು ತಲೆಬರಹ ಕೊಟ್ಟು, ಹೆಸರು, ಓಣಿ ಎಲ್ಲ ಸೇರಿಸಿ ಬರೆದೆ.

ಅದು ಅಚ್ಚಾದ ಮರುದಿನ ಮೌಲಾಲಿಯ ಮನೆಯ ಬಾಗಿಲಿಗೆ ಯಾರೋ ಸಗಣಿ ಬಳಿದರು. ಒಳಗೆ ಕಲ್ಲು ಬಿದ್ದವು. ಅವನ ಓಣಿಯ ಹಿರಿಯರು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದರು. ಕುಡಿದು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಎಂದು ಪೊಲೀಸರು ಪ್ರಕರಣ ಹಾಕಿದರು. ಆಸ್ಪತ್ರೆಯಲ್ಲಿ ಅವನ ರಕ್ತ ಪರೀಕ್ಷೆ ಯಾರೂ ಮಾಡಿರಲಿಲ್ಲ. ಕುಡಿದಿಲ್ಲ ಎನ್ನುವುದಕ್ಕೆ ಅವನ ಬಳಿ ಅವನ ಮಾತು ಬಿಟ್ಟರೆ ಏನೂ ಇರಲಿಲ್ಲ, ಆ ಮಾತನ್ನು ನಾನು ಆಗಲೇ ಅಚ್ಚು ಹಾಕಿಸಿದ್ದೆ. ಎಲುಬು ಕೂಡಿದ ಮೇಲೆ ಜೈಲು ಎನ್ನುವುದು ಖಾತ್ರಿಯಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಆಚಾರ್ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಆ ಪತ್ರಿಕೆ ಇತ್ತು. ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನು ಎದ್ದು ನಿಂತೆ. ಅಲ್ಲಿಯವರೆಗೆ ನನ್ನನ್ನು ಅವರು ‘ಪೇಪರ್‌ನವರ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಅಂದು ಕೈ ಒರೆಸಿಕೊಳ್ಳಲಿಲ್ಲ. ಏಟಿಗೆ ನನ್ನ ಕನ್ನಡಕ ಹಾರಿ ಮೇಜಿನಡಿ ಬಿತ್ತು, ಬಾಯಲ್ಲಿ ರಕ್ತದ ರುಚಿ ಬಂತು.

“ಯಾವ ಎಣ್ಣಿ ಅಂತ ಕೇಳಿದೇನು?” ಎಂದರು.

ನನಗೆ ಅರ್ಥವಾಗಲಿಲ್ಲ. ಸಹೋದ್ಯೋಗಿಗಳು ಅವರ ತೋಳು ಹಿಡಿದಿದ್ದರು.

“ಎಣ್ಣಿ ಹಾಕೀನಿ ಅಂದ ಅಂತ ಬರದಿದಿ. ಯಾವ ಎಣ್ಣಿ? ಎದಕ್ಕ ಹಾಕಿದ? ಇಷ್ಟು ಕೇಳ್ಲಿಕ್ಕೆ ನಿನಗೇನು ಧಾಡಿ ಆಗಿತ್ತು? ಅಂವ ಮಷೀನಿಗೆ ಹಾಕ್ಯಾನ. ಬಾಯಿಗಲ್ಲ.”

ಪತ್ರಿಕೆಯಲ್ಲಿ ಹೆಸರು, ಓಣಿ ನೋಡಿ, ಇದು ತಾವು ಹಣೆ ಒಡೆದ ಪತ್ರಾದವನೇ ಎಂದು ತಿಳಿದು ಅವರು ನೇರ ಆಸ್ಪತ್ರೆಗೆ ಹೋಗಿದ್ದರು. ಮೌಲಾಲಿ ಅವರಿಗೂ ಅದೇ ಮಾತು ಹೇಳಿದ್ದ, ಎಣ್ಣಿ ಹಾಕೀನಿ ಆಚಾರ್ ಸಾಬ್, ನಂದೇ ತಪ್ಪು. ಹತ್ತಾರು ಜನ ಕೇಳಿದ್ದ ಆ ಮಾತಿಗೆ ಆಚಾರ್ ಒಬ್ಬರೇ ಮರುಪ್ರಶ್ನೆ ಹಾಕಿದ್ದರು. ಉತ್ತರ: ಕುಸುಬಿ ಎಣ್ಣೆ. ಮನೆಯಲ್ಲಿ ಒಗ್ಗರಣೆಗೆ ಇಟ್ಟದ್ದು. ಮಷೀನು ಕಿರುಗುಟ್ಟತೊಡಗಿತ್ತು. ಬಾವಿಯ ಗಾಲಿಗೆ, ಬಾಗಿಲ ತಿರುಗಣಿಗೆ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದ. ಒಂದೂವರೆ ತಿಂಗಳು ದಿನಾ ಮುಂಜಾನೆ ನಾಲ್ಕು ಹನಿ.

ಆ ಹೊತ್ತಿಗೆ ನಾನು ಕುರ್ಚಿಯಲ್ಲಿ ಕೂತಿದ್ದೆ. ಆಚಾರ್ ನಿಂತೇ ಇದ್ದರು. ಕುಸುಬಿ ಎಣ್ಣೆ ಗಾಳಿಗೆ, ಶಾಖಕ್ಕೆ ಒಣಗಿ ಅಂಟಾಗುತ್ತದೆ, ಬಣ್ಣದವರು ಅದನ್ನು ಬಣ್ಣಕ್ಕೆ ಬೆರೆಸುವುದು ಅದಕ್ಕೇ ಎಂದು ಹೇಳಿದರು. ನಾನು ಬರೆದುಕೊಂಡೆ. ಬರೆದುಕೊಳ್ಳುವುದು ಮೂರು ದಿನ ತಡವಾಗಿತ್ತು.

“ಸ್ಕ್ರೂ ಕಬ್ಬಿಣಕ್ಕ ಕೂತ ಕೂಡ್ಲೇ ಒಳಗ ಕ್ಲಚ್ಚು ಕಟಕಟ ಅಂತ ಜಾರಬೇಕು. ಅಂಟು ಹಿಡದದ, ಜಾರ್ಲಿಲ್ಲ. ಸ್ಕ್ರೂ ನಿಂತ್ರ ಮಷೀನ್ ತಿರಗ್ತದ. ಮಷೀನ್ ಜೋಡಿ ಮುಂಗೈ ತಿರಗ್ತದ. ಇನ್ನೊಂದು ಕೈಯಾಗ ಪತ್ರಾ ಹಿಡದಿದ್ದ. ಬಿಟ್ಟ.”

ಮಷೀನು ಎಲ್ಲಿದೆ ಎಂದು ಕೇಳಿದೆ. ಕಮಲಾಪುರದಲ್ಲೇ, ಗುತ್ತಿಗೆದಾರನ ಶೆಡ್ಡಿನಲ್ಲಿ, ಮೌಲಾಲಿಯ ತಗಡಿನ ಪೆಟ್ಟಿಗೆಯೊಳಗೆ. ಪೊಲೀಸರು ಅದನ್ನು ಜಪ್ತಿ ಮಾಡಿರಲಿಲ್ಲ. ಕುಡಿದವನ ಕೈತಪ್ಪಿತು ಎಂದ ಮೇಲೆ ಮಷೀನು ಯಾರಿಗೆ ಬೇಕು?

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ನನ್ನ ಕೆನ್ನೆ ಊದಿತ್ತು. ಶೆಡ್ಡಿನಲ್ಲಿ ಗುತ್ತಿಗೆದಾರನ ಮೇಸ್ತ್ರಿ ಇದ್ದ, ಜೊತೆಗೆ ಇಬ್ಬರು. ಪೆಟ್ಟಿಗೆ ಮೂಲೆಯಲ್ಲಿ ಕಾಣುತ್ತಿತ್ತು. ನಾವು ಬಂದದ್ದು ಯಾಕೆಂದು ತಿಳಿದ ಕೂಡಲೇ ಮೇಸ್ತ್ರಿ, ಅದನ್ನು ಇಂದೇ ಗುಜರಿಗೆ ಹಾಕುತ್ತಿದ್ದೇವೆ ಎಂದ. ಗುತ್ತಿಗೆದಾರ ಮೇಲೆ ಕೆಲಸ ಮಾಡುವವರಿಗೆ ಹಗ್ಗ ಕೊಟ್ಟಿರಲಿಲ್ಲ, ಕೆಳಗೆ ಓಡಾಡುವ ದಾರಿ ಮುಚ್ಚಿರಲಿಲ್ಲ. ಕುಡುಕನೊಬ್ಬ ಇದ್ದರೆ ಆ ಪ್ರಶ್ನೆಗಳು ಏಳುವುದಿಲ್ಲ. ಆಚಾರ್ ಹೋಗಿ ಪೆಟ್ಟಿಗೆಯ ಮೇಲೆ ಕೂತರು. ಪೊಲೀಸರನ್ನು ಕರೆದುಕೊಂಡು ಬಾ ಎಂದು ನನಗೆ ಹೇಳಿದರು. ನಾವೇ ಒಯ್ದರೆ, ನೀವೇ ಏನೋ ತುಂಬಿದಿರಿ ಅಂತಾರೆ ಎಂದರು.

ನಾನು ಬಾಗಿಲು ದಾಟುವ ಮೊದಲೇ ಶುರುವಾಯಿತು. ಒಬ್ಬ ಅವರ ಅಂಗಿ ಹಿಡಿದು ಎಳೆದ. ಆಚಾರ್ ಕೂತಲ್ಲಿಂದಲೇ ಅವನ ಹೊಟ್ಟೆಗೆ ಗುದ್ದಿದರು, ಅವನು ಸಿಮೆಂಟ್ ಚೀಲದ ಮೇಲೆ ಬಿದ್ದು ವಾಂತಿ ಮಾಡಿಕೊಂಡ. ಎರಡನೆಯವನ ಮೂಗಿನ ಎಲುಬು ಮುರಿದದ್ದು ನನಗೆ ಕೇಳಿಸಿತು. ಆಗ ಮೇಸ್ತ್ರಿ ಕಬ್ಬಿಣದ ಸರಳಿನಿಂದ ಹೊಡೆದ. ತಲೆಗೆ ಬೀಸಿದ್ದನ್ನು ಆಚಾರ್ ಬಲಗೈ ಅಡ್ಡ ಹಿಡಿದು ತಡೆದರು. ಮುಂಗೈಯ ಮೇಲ್ಭಾಗ ಎರಡಾಗಿ ಬಾಗಿತು. ಅವರು ಕೂಗಲಿಲ್ಲ. ಪೆಟ್ಟಿಗೆಯಿಂದ ಏಳಲೂ ಇಲ್ಲ. ಎಡಗೈಯಿಂದ ಸರಳು ಹಿಡಿದು ಎಳೆದು ಮೇಸ್ತ್ರಿಯನ್ನು ಮಂಡಿಯೂರಿಸಿದರು, ಅವನ ಕೂದಲು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಹೋಗೋ” ಎಂದು ನನಗೆ ಹೇಳಿದರು. “ನಾ ಇಂವನ್ನ ಹಿಡಕೊಂಡು ಕೂತಿರ್ತೀನಿ.”

ನಾನು ಸಬ್ ಇನ್ಸ್‌ಪೆಕ್ಟರನ್ನು ಕರೆತರಲು ಮುಕ್ಕಾಲು ಗಂಟೆ ಹಿಡಿಯಿತು. ವಾಪಸು ಬಂದಾಗ ಶೆಡ್ಡಿನ ಮುಂದೆ ಜನ ಸೇರಿತ್ತು. ರಸ್ತೆ ಬದಿಯಲ್ಲಿ ಕೆಂಪು ಬಾಳೆ ಮಾರುವ ಮುದುಕನೊಬ್ಬ ಬಾಳೆದಿಂಡಿನ ಪಟ್ಟೆ ಸೀಳಿ ಆಚಾರ್ ಕೈಗೆ ಕಟ್ಟುತ್ತಿದ್ದ. ಮೇಸ್ತ್ರಿ ಇನ್ನೂ ಮಂಡಿಯ ಮೇಲಿದ್ದ.

ಪಂಚನಾಮೆ ಅಲ್ಲೇ ಆಯಿತು. ಬಾಳೆಹಣ್ಣಿನ ಮುದುಕ ಒಬ್ಬ ಪಂಚ, ಹೋಟೆಲಿನವ ಇನ್ನೊಬ್ಬ. ಆಚಾರ್ ಕೈ ನಡೆಯದ ಕಾರಣ ಸ್ಕ್ರೂ ಬಿಚ್ಚುವ ಕೆಲಸ ನನಗೆ ಬಂತು. ಜೀವನದಲ್ಲಿ ಮೊದಲ ಸಲ ಅಂಥ ಯಂತ್ರ ಬಿಚ್ಚಿದೆ. ಮೊದಲು ಕೆಳಗಿನದು, ಮೇಲಿನದು ಅಲ್ಲ, ಕತ್ತೆ, ಕೆಳಗಿನದು ಎಂದು ಅವರು ನೋವಿನಲ್ಲಿ ಬೆವರುತ್ತಾ ಹೇಳಿಕೊಡುತ್ತಿದ್ದರು. ಗೇರ್ ಬಾಕ್ಸಿನ ಮುಚ್ಚಳ ಬಿಚ್ಚಿ ಬಂತು, ಆದರೆ ಕ್ಲಚ್ಚು ಜಾರುವಾಗ ತಿರುಗಬೇಕಾದ ಒಳಗಿನ ಬಳೆಯಂಥ ಗೇರು ಕವಚಕ್ಕೆ ಅಂಟಿಕೊಂಡು ಅಲುಗಲಿಲ್ಲ. ಸುತ್ತ ಕಂದು ಬಣ್ಣದ, ಬೆಲ್ಲದ ಪಾಕ ಗಟ್ಟಿಯಾದಂಥ ಪದರ. ಸಬ್ ಇನ್ಸ್‌ಪೆಕ್ಟರ್ ಉಗುರಿನಿಂದ ಕೆರೆದು ಮೂಸಿ ನೋಡಿ, ಇದು ಅಡುಗೆಮನೆಯ ವಾಸನೆ ಎಂದರು.

ನಮ್ಮ ಪತ್ರಿಕೆ ತಿದ್ದುಪಡಿ ಹಾಕಿತು. ಐದನೆಯ ಪುಟ, ಮೂರು ಸಾಲು. ಆಚಾರ್ ಅದರ ಪಕ್ಕ ನನ್ನ ಹಳೆಯ ಸುದ್ದಿ ಇಟ್ಟು ಗೇಣು ಹಾಕಿ ಅಳೆದು ಮಡಿಸಿಟ್ಟರು.

ಮೊಕದ್ದಮೆ ಅಷ್ಟಕ್ಕೇ ಮುಗಿಯಲಿಲ್ಲ. ಅಂಟು ಇದೆ ಸರಿ, ಆದರೆ ಕುಡಿದಿರಲಿಲ್ಲ ಎನ್ನಲು ಅದು ಸಾಕ್ಷಿಯಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ಸೇಡಂ ರಸ್ತೆಯಲ್ಲಿ ಇಂಥ ತಜ್ಞ ರಿಪೇರಿಯವರು ಇದ್ದು, ಘಟನೆಗೆ ಎರಡು ತಿಂಗಳ ಮುಂಚೆ ಅವರ ಹತ್ತಿರವೇ ಮಷೀನು ಮಾಡಿಸಿಕೊಂಡವನು, ಮತ್ತೆ ಕೆಟ್ಟರೆ ಅವರ ಬಳಿ ಹೋಗದೆ ಒಗ್ಗರಣೆಯ ಎಣ್ಣೆ ಯಾಕೆ ಹಾಕುತ್ತಾನೆ? ಆಮೇಲೆ ಯಾರೋ ಸುರಿದು ಕತೆ ಕಟ್ಟಿದ್ದಾರೆ ಎಂದರು. ಈ ಪ್ರಶ್ನೆಗೆ ಉತ್ತರ ಇಬ್ಬರಿಗೆ ಗೊತ್ತಿತ್ತು. ಮೌಲಾಲಿ ಅದನ್ನು ಹೇಳಲು ಒಪ್ಪಲಿಲ್ಲ. ಆಚಾರ್ ಸಾಬ್ ಹೆಸರು ಕೆಡುತ್ತದೆ ಎಂದು ತನ್ನ ವಕೀಲನಿಗೆ ಹೇಳಿದ್ದನಂತೆ.

ಆಚಾರ್ ಹೇಳಲು ಹೊರಟಾಗ ಅವರ ಮನೆಯಲ್ಲಿ ದೊಡ್ಡ ಜಗಳವಾಯಿತು. ಕಟಕಟೆಯಲ್ಲಿ ನಿಂತು ಹೊಡೆದೆ ಎಂದರೆ ನಿನ್ನ ಮೇಲೆಯೇ ಕೇಸು ಹಾಕಬಹುದು, ಮನೆತನದ ಮರ್ಯಾದೆ ಏನಾಗಬೇಕು ಎಂದು ಅಣ್ಣ ಕೂಗಾಡಿದ. ಆಚಾರ್ ಊಟದ ತಾಟು ಗೋಡೆಗೆ ಎಸೆದು ಎದ್ದು ಬಂದರಂತೆ.

ನ್ಯಾಯಾಲಯಕ್ಕೆ ಅವರು ಮೂರು ಗಾಜಿನ ಪಟ್ಟಿ ತಂದಿದ್ದರು. ಒಂದಕ್ಕೆ ತಮ್ಮ ಬಿಳಿ ಗ್ರೀಸು, ಒಂದಕ್ಕೆ ಹೊಲಿಗೆ ಮಷೀನಿನ ಎಣ್ಣೆ, ಒಂದಕ್ಕೆ ಕುಸುಬಿ ಎಣ್ಣೆ ತೆಳ್ಳಗೆ ಬಳಿದು ಮಾಳಿಗೆಯ ಬಿಸಿಲಿನಲ್ಲಿ ಹದಿನೈದು ದಿನ ಇಟ್ಟದ್ದು. ನ್ಯಾಯಾಧೀಶರು ಮೂರನ್ನೂ ಮುಟ್ಟಿ ನೋಡಿದರು. ಮೂರನೆಯದಕ್ಕೆ ಬೆರಳು ಹತ್ತಿಕೊಂಡು ಗಾಜು ಮೇಲೆದ್ದಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸತ್ತ ಶರಣಮ್ಮನ ಅಣ್ಣ ಅಲ್ಲೇ ಕೂತಿದ್ದ, ಅವನು ನಗಲಿಲ್ಲ.

ಸರ್ಕಾರಿ ವಕೀಲರು ಕಾದಿದ್ದ ಪ್ರಶ್ನೆ ಕೇಳಿದರು. ಆರೋಪಿ ನಿಮ್ಮ ಹತ್ತಿರ ಯಾಕೆ ಬರಲಿಲ್ಲ?

“ಹೊಡೀತೀನಿ ಅಂತ.”

“ಹೊಡೀತಿದ್ರೇನು?”

“ಹೊಡೀತಿದ್ದೆ.”

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಬಿಡಿಸಿ ಹೇಳಿ ಎಂದರು.

ಆಚಾರ್ ಕಟಕಟೆಯ ಕಂಬಿ ಹಿಡಿದುಕೊಂಡಿದ್ದರು. ಬಲ ಮುಂಗೈ ಸೊಟ್ಟಗೆ ಕೂಡಿತ್ತು. “ಹಿಂದ ಒಮ್ಮಿ ತಪ್ಪು ಗ್ರೀಸ್ ಹಾಕ್ಕೊಂಡು ಬಂದಿದ್ದ. ಅವನ ಭಾವಮೈದುನನ ಎದುರಿಗೇ ಹಣಿ ಒಡದೀನಿ. ಇನ್ನೊಮ್ಮಿ ಬಂದ್ರ ಹಲ್ಲು ಬಿಚ್ಚತೀನಿ ಅಂದೀನಿ. ಮಷೀನ್ ಕಿರಗುಟ್ಟಿದಾಗ ಅಂವಗ ನನ್ನ ಅಂಗಡಿ ಗೊತ್ತಿತ್ತು, ಸಾಹೇಬ್ರ. ನನ್ನ ಕೈಗೆ ಅಂಜಿ ಅಡಗಿಮನಿಗೆ ಹೋಗ್ಯಾನ. ಆ ಹೆಣ್ಮಗಳ ಸಾವಿನಾಗ ನನ್ನ ಕೈನೂ ಅದ. ಬರಕೋರಿ.”

ಗುಮಾಸ್ತ ಟೈಪು ಮಾಡಿದ. ಆ ಹಣೆ ಒಡೆದದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಮುಂದಿನ ಸಾಕ್ಷಿಯಾಗಿ ನಾನು ನಿಂತೆ. ನೋಡಿದ್ದನ್ನು ಹೇಳಿದೆ. ನೋಡಿಯೂ ಹೆಸರು ಕೇಳದಿದ್ದದ್ದನ್ನು ಹೇಳಿದೆ. ಆಸ್ಪತ್ರೆಯಲ್ಲಿ ವಾರ್ಡಿಗೆ ಹೋಗದಿದ್ದದ್ದನ್ನೂ ಹೇಳಿದೆ.

ತೀರ್ಪು ಬರುವ ಹೊತ್ತಿಗೆ ಇನ್ನೊಂದು ಬೇಸಿಗೆ ಕಳೆದಿತ್ತು. ಕುಡಿದಿದ್ದ ಎನ್ನುವುದು ಸಾಬೀತಾಗಿಲ್ಲ, ಯಂತ್ರ ಹಾಗೆ ತಿರುಗೀತು ಎಂದು ಅವನು ಊಹಿಸುವಂತಿರಲಿಲ್ಲ ಎಂದು ನ್ಯಾಯಾಲಯ ಮೌಲಾಲಿಯನ್ನು ಬಿಡುಗಡೆ ಮಾಡಿತು. ನಾವು ಮೂವರೂ ಹೊರಗೆ ಮೊಗಸಾಲೆಗೆ ಬಂದೆವು. ಮೌಲಾಲಿ ಕುಂಟುತ್ತಿದ್ದ. ಅವನ ಹೆಂಡತಿ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವನು ಆಚಾರ್ ಕಡೆ ತಿರುಗಿದ, ಏನೋ ಹೇಳಲು ಬಾಯಿ ತೆರೆದ. ಆಚಾರ್ ಅವನ ಹೆಗಲ ಮೇಲೆ ಕೈ ಇಡಲೆಂದು ಬಲಗೈ ಎತ್ತಿದರು.

ಮೌಲಾಲಿ ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಬಡಿದುಕೊಂಡ.

ಮೊಗಸಾಲೆಯ ಜನ ತಿರುಗಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ತೋಳು ಇಳಿಸಿ ನಾಚಿಕೊಂಡು ನಕ್ಕ. “ರೂಢಿ ಆಗ್ಯದ್ರಿ, ಆಚಾರ್ ಸಾಬ್” ಎಂದ. ಆಚಾರ್ ಕೈ ಇಳಿಸಿದರು. ಮನೆಗೆ ಹೋಗು, ಮಕ್ಕಳು ಕಾಯುತ್ತಿರುತ್ತವೆ ಎಂದರು. ಮೌಲಾಲಿ ಆಮೇಲೆ ಪತ್ರಾ ಕೆಲಸ ಬಿಟ್ಟು ದರ್ಗಾದ ಹತ್ತಿರ ಹೂವಿನ ಅಂಗಡಿಯಲ್ಲಿ ಕೂತ. ಸೇಡಂ ರಸ್ತೆ ಕಡೆ ಅವನು ಬಂದದ್ದನ್ನು ನಾನು ನೋಡಲಿಲ್ಲ.

ನನಗೆ ಬೇರೆ ಊರಿಗೆ ವರ್ಗವಾಯಿತು. ವಾಮನಾಚಾರ್ ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಅವರ ಹದಿಮೂರನೆಯ ದಿನವೂ ಕಳೆದಿತ್ತು. ಎದೆನೋವು, ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದರಂತೆ. ಭರಣಿಗಳನ್ನು ಮನೆಯವರು ಏನು ಮಾಡಿದರೋ ಕೇಳಲಿಲ್ಲ.

ಅದಕ್ಕೂ ಒಂದು ವರ್ಷ ಹಿಂದೆ ಕೆಲಸದ ಮೇಲೆ ಊರಿಗೆ ಹೋದವನು ಅಂಗಡಿಗೆ ಹೋಗಿದ್ದೆ. ಅದೇ ಕೊನೆಯ ಭೇಟಿ. ಬಡಗಿಯೊಬ್ಬ ಬ್ಯಾಟರಿ ಡ್ರಿಲ್ಲು ತಂದಿದ್ದ. ಒಳಗೆ ಎರಡು ಬಗೆಯ ಗ್ರೀಸು ಕೂಡಿ ಮಜ್ಜಿಗೆಯಂತೆ ನೀರಾಗಿತ್ತು. ಆಚಾರ್ ಸ್ಟೂಲಿನ ಮೇಲೆ ಕೂತಿದ್ದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ತಮ್ಮ ಭಾರ ಹಾಕಿದ್ದರು. ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಎದ್ದಿತ್ತು. ಆ ಭಂಗಿಯಲ್ಲೇ, ಮೊದಲಿನ ಗ್ರೀಸನ್ನು ಯಾಕೆ ಪೂರ್ತಿ ಒರೆಸಬೇಕು, ಎಷ್ಟು ಹಾಕಬೇಕು ಎಂದು ನಿಧಾನವಾಗಿ ಹೇಳಿದರು. ಬಡಗಿ ತಲೆಯಾಡಿಸಿದ.

“ಮತ್ತ ತಪ್ಪಾದ್ರೂ ಇಲ್ಲಿಗೇ ತಗೊಂಡು ಬಾ” ಎಂದರು. “ಎಷ್ಟು ಸಲ ಆದ್ರೂ. ಅಂಜಬ್ಯಾಡ.”

ಬಡಗಿ ಹೂಂ ಎಂದ. ಮಷೀನು ಬಿಟ್ಟು, ಹಿಂದೆ ಹಿಂದಕ್ಕೇ ನಡೆಯುತ್ತಾ, ಮೆಟ್ಟಿಲು ಇಳಿಯುವವರೆಗೂ ಕೈ ಅಡಗಿದ್ದ ಆ ತೊಡೆಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.